ಹಾಡಿಗೆ ಬೀಗ ಹಾಕಿದ ಸಾಹುಕಾರ

ಹೊಳೆನಾಡು ಅಂತ ಒಂದು ರಾಜ್ಯವಿತ್ತು ಮಕ್ಕಳೇ. ಅಲ್ಲಿನ ಹೊಳೆ ಎಷ್ಟು ಅಗಲವೆಂದರೆ, ಈ ದಡದಲ್ಲಿ ಗಂಟಲು ಹರಿದುಕೊಂಡರೂ ಆ ದಡದ ಅಂಬಿಗನಿಗೆ ಕೇಳಿಸದು. ಈ ದಡದಲ್ಲಿ ಒಂದು ಛತ್ರ. ಅದನ್ನು ನೋಡಿಕೊಳ್ಳುವವಳು ಹಾಲವ್ವ.

ಛತ್ರಕ್ಕೆ ಒಂದೇ ಕಟ್ಟಳೆ. ಇಲ್ಲಿ ಇರುವುದನ್ನು ಯಾರು ಬೇಕಾದರೂ ಬಳಸಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ಮುಂದಿನವರಿಗೆ ಕೊಡಬಹುದು. ಹಾಲವ್ವನಿಗೆ ಅದೇ ಹೆಮ್ಮೆ. "ನಮ್ಮಲ್ಲಿ ಮುಚ್ಚುಮರೆ ಇಲ್ಲಪ್ಪಾ" ಎಂದು ಬಂದವರಿಗೆಲ್ಲ ಹೇಳುವಳು.

ಆಚೆ ದಡದ ಸಾಹುಕಾರ ಕೊಂಡಯ್ಯ ಗೊರವಂಕ ಹಕ್ಕಿಗಳನ್ನು ಪಳಗಿಸಿದ. ತಂತಿಯಿಲ್ಲ, ಹಗ್ಗವಿಲ್ಲ. ಈ ದಡದ ಹಕ್ಕಿ ಕೂಗಿದರೆ ಆ ದಡದ ಜೋಡಿಹಕ್ಕಿಗೆ ಕೇಳುವುದು, ಅಂಬಿಗ ದೋಣಿ ಬಿಡುವನು. ಆದರೆ ನಿದ್ದೆಗೆ ಕಣ್ಣು ಮುಚ್ಚಿದರೆ ಸಾಕು, ಹಕ್ಕಿ ಕಲಿತದ್ದೆಲ್ಲ ಮರೆಯುವುದು. ಆಮೇಲೆ ಪ್ರತಿ ಸಲವೂ ಅದರ ಕಿವಿಯಲ್ಲಿ ಎಬ್ಬಿಸುವ ಹಾಡು ಹೇಳಬೇಕು.

ಕೊಂಡಯ್ಯ ಛತ್ರಕ್ಕೆ ಬುಟ್ಟಿಗಟ್ಟಲೆ ಹಕ್ಕಿ ಕೊಟ್ಟ. ಹಾಲವ್ವನಿಗೆ ಹಾಡನ್ನೂ ಕಲಿಸಿದ. ಕಲಿಸಿ, ಒಲೆಯ ಮೇಲೆ ಕೈಯಿಡಿಸಿ ಆಣೆ ಹಾಕಿಸಿಕೊಂಡ.

"ನಿನ್ನ ಸ್ವಂತ ಕೆಲಸಕ್ಕೆ ಮಾತ್ರ ಹಾಡ್ಕೋ. ಇನ್ನೊಬ್ಬರಿಗಾಗಿ ಹಾಡೋ ಹಂಗಿಲ್ಲ, ಕಲಿಸೋ ಹಂಗಿಲ್ಲ. ಬೇಕಾದೋರು ನನ್ನ ಮನೆಗೇ ಬರ್ಲಿ."

ಪುಕ್ಕಟೆ ಹಕ್ಕಿಯ ಆಸೆಗೆ ಹಾಲವ್ವ ಹೂಂ ಅಂದುಬಿಟ್ಟಳು.

ಮೊದಲು ಕಂಬಳಿ ನೇಯುವವನು ಬಂದ. "ಹಕ್ಕಿ ತಗೊಂಡು ಹೋಗಪ್ಪಾ" ಎಂದಳು. "ಹಾಡು ಮಾತ್ರ ಆಚೆ ದಡದಾಗೆ ಸಿಗ್ತದೆ."

"ಆಚೆ ದಡಕ್ಕೆ ಹೋಗಾಕೇ ಅಲ್ವೇನವ್ವಾ ಹಾಡು ಬೇಕಾಗಿರೋದು?" ಎಂದು ಅವನು ನಕ್ಕ. ಹಾಲವ್ವನ ಕಿವಿ ಬಿಸಿಯಾಯಿತು.

ಆಮೇಲೆ ಬಳೆಗಾರ ಬಂದ. ಅದೇ ಮಾತು, ಅದೇ ನಗು. ಅವಳು ಮುಖ ತಿರುಗಿಸಿ ಒಲೆ ಊದಿದಳು.

ಮೂರನೆಯವಳು ಸೂಲಗಿತ್ತಿ ಕೆಂಚಮ್ಮ. ಅವಳು ನಗಲಿಲ್ಲ. "ಆಚೆ ದಡದಾಗೆ ನಮ್ಮವ್ವ ಕೊನೇ ಉಸಿರು ಎಳೀತಾವ್ಳೆ. ಒಂದೇ ಒಂದ್ಸಲ ಹಾಡು ತಾಯಿ" ಎಂದು ಸೆರಗೊಡ್ಡಿದಳು.

ಹಾಡು ನಾಲಿಗೆಯ ತುದಿಯಲ್ಲೇ ಇತ್ತು. ಆಣೆಗೆ ಹೆದರಿ ಹಾಲವ್ವ ಬಾಯಿ ಬಿಡಲಿಲ್ಲ. ಕೆಂಚಮ್ಮ ಮೂಕ ಹಕ್ಕಿಯನ್ನು ಮಡಿಲಲ್ಲಿಟ್ಟುಕೊಂಡು ಹೊಳೆಯ ಮೆಟ್ಟಿಲ ಮೇಲೆ ಕುಳಿತಳು. ಸಂತೆಯ ದಿನ ದೋಣಿ ತಾನಾಗಿಯೇ ಬರುವ ಹೊತ್ತಿಗೆ ಅವಳ ತಾಯಿ ಮಣ್ಣು ಸೇರಿಯಾಗಿತ್ತು. ಹಿಂದಿರುಗಿದ ಕೆಂಚಮ್ಮ ಹಕ್ಕಿಯನ್ನು ಛತ್ರದ ಜಗಲಿಯ ಮೇಲಿಟ್ಟು, ಮಾತಾಡದೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಹಾಲವ್ವ ಯಾರ ಮುಂದೆಯೂ ಛತ್ರದ ಕಟ್ಟಳೆಯ ಬಗ್ಗೆ ಕೊಚ್ಚಿಕೊಳ್ಳಲಿಲ್ಲ.

ಹೀಗಿರಲಾಗಿ, ಒಂದು ಬೆಳಗ್ಗೆ ಕೊಂಡಯ್ಯನೇ ಛತ್ರಕ್ಕೆ ಓಡಿಬಂದ. ಅವನ ಮಗಳಿಗೆ ಹೆರಿಗೆ ನೋವು. ಸೂಲಗಿತ್ತಿಯನ್ನು ಕರೆಯಲು ಹೊಳೆ ದಾಟಿದ್ದ, ಇಳಿಸಿದ ದೋಣಿ ಆ ದಡಕ್ಕೆ ಮರಳಿತ್ತು. ಕೆಂಚಮ್ಮನೇನೋ ಸಿಕ್ಕಳು, ಅಷ್ಟರಲ್ಲಿ ಅವನ ಚೀಲದ ಹಕ್ಕಿ ನಿದ್ದೆ ಮಾಡಿತ್ತು. ಎಬ್ಬಿಸೋಣವೆಂದರೆ ನೆಗಡಿ ಹಿಡಿದ ಗಂಟಲಿನಿಂದ ಬರೀ ಗೊರಗೊರ.

"ನೀ... ಹಾಡು" ಎಂದು ಸನ್ನೆ ಮಾಡಿದ.

"ಇನ್ನೊಬ್ಬರಿಗಾಗಿ ಹಾಡೋ ಹಂಗಿಲ್ಲ ಅಂದಿದ್ರಲ್ಲ ಸಾಹುಕಾರ್ರೇ. ಈಗ ಆಣೆಯಿಂದ ಬಿಡುಗಡೆಯಾ?"

ಕೊಂಡಯ್ಯ ಗೋಣು ಆಡಿಸಿದ. ಛತ್ರವೆಲ್ಲ ನೋಡುತ್ತಿತ್ತು.

ಹಾಲವ್ವ ಬೇಕೆಂದೇ ಹೇಳಿದಳು, "ನನ್ನೊಬ್ಬಳ ದನಿ ಸಾಲ್ದು. ಎಲ್ಲರೂ ನನ್ನ ಹಿಂದೆ ಹೇಳ್ರಪ್ಪಾ!"

ಸಾಹುಕಾರನೇ ಎರಡೂ ಕೈ ಎತ್ತಿ ಎಲ್ಲರನ್ನೂ ಹಾಡಿಸಿದ.

"ಏಳೋ ಗೊರವಂಕ, ಹೊಳೆ ಕರೀತೈತೆ,
ಏಳೋ ಗೊರವಂಕ, ಆ ದಡ ಕಾಯ್ತೈತೆ!"

ಹಕ್ಕಿ ಕಣ್ಣು ಬಿಟ್ಟಿತು, ಕೂಗಿತು, ದೋಣಿ ಹೊರಟಿತು. ಅಷ್ಟರಲ್ಲಿ ಅಡುಗೆಯವರಿಂದ ದಾರಿಹೋಕರವರೆಗೆ ಎಲ್ಲರಿಗೂ ಹಾಡು ಬಾಯಿಪಾಠ. ಬೀಗ ಹಾಕಿದವನೇ ಬಾಗಿಲು ತೆರೆದಿದ್ದ!

ಕೆಂಚಮ್ಮ ದೋಣಿ ಹತ್ತಿದಳು. "ನಮ್ಮವ್ವ ಸಾಯೋವಾಗ ನಾನು ಇದೇ ಮೆಟ್ಟಿಲ ಮೇಲೆ ಕೂತಿದ್ದೆ ಸಾಹುಕಾರ್ರೇ. ನಿಮ್ಮ ಮಗಳು ಹಂಗೆ ಕಾಯೋದು ಬ್ಯಾಡ, ನಡೀರಿ."

ಕೊಂಡಯ್ಯ ತಲೆ ತಗ್ಗಿಸಿದ. ಆ ದಡ ಮುಟ್ಟುವವರೆಗೂ ಎತ್ತಲಿಲ್ಲ. ಮಗು, ಬಾಣಂತಿ ಇಬ್ಬರೂ ಉಳಿದರು. ಅವನು ಮತ್ತೆ ಯಾರಿಂದಲೂ ಆಣೆ ಹಾಕಿಸಿಕೊಳ್ಳಲಿಲ್ಲ.

ಊರೆಲ್ಲ ಹಾಲವ್ವನ ಜಾಣತನವನ್ನು ಹೊಗಳಿತು. ಅವಳು ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. ಎರಡು ಸಾಲಿನ ಹಾಡು. ಅಂದು ಕೆಂಚಮ್ಮನಿಗಾಗಿ ಹಾಡದೆ ಹೋದದ್ದೂ ಇದೇ ಬಾಯಿ.

ನಿಮ್ಮ ಮನೆಯ ಕಂಪ್ಯೂಟರಿಗೆ ತಂತಿಯಿಲ್ಲದೆ ಸುದ್ದಿ ತರುವ ಚಿಪ್‌ಗೂ ಇಂಥದೇ ಒಂದು ಎಬ್ಬಿಸುವ ಹಾಡು ಬೇಕು ಮಕ್ಕಳೇ, ಚಾಲೂ ಮಾಡಿದಾಗಲೆಲ್ಲ ಅದರೊಳಗೆ ತುಂಬಬೇಕಾದ ಪುಟ್ಟ ತಂತ್ರಾಂಶ. ಹತ್ತು ಜನ ಸೇರಿ ಬರೆದು ಪುಕ್ಕಟೆ ಹಂಚುವ ತಂತ್ರಾಂಶದ ಜೊತೆ ಅದನ್ನು ಹಂಚಕೂಡದು ಎನ್ನುವ ಕೊಂಡಯ್ಯಂದಿರು ಇಂದಿಗೂ ಇದ್ದಾರೆ. ಅದಕ್ಕೇ ಈ ನೀತಿ: ಹಕ್ಕಿ ಕೊಟ್ಟು ಹಾಡು ಬಚ್ಚಿಟ್ಟವನು ಏನನ್ನೂ ಕೊಟ್ಟವನಲ್ಲ. ಬಚ್ಚಿಡಲು ಹೂಂ ಅಂದವರಿಗೂ ಆ ನಾಚಿಕೆಯಲ್ಲಿ ಪಾಲಿದೆ.