ಪಾಸ್‌ಬುಕ್ ಓದುವ ತಮ್ಮ

"ಗುರುಗಳೇ, ಕೇಳಿದರೆ ಇಲ್ಲವೆನ್ನದವರ ದುಡ್ಡನ್ನು ಕೇಳದೆ ತೆಗೆದುಕೊಂಡು, ಆಮೇಲೆ ಒಂದು ರೂಪಾಯಿಯೂ ಕಡಿಮೆಯಾಗದಂತೆ ತಿರುಗಿ ಇಟ್ಟುಬಿಟ್ಟರೆ ನಷ್ಟ ಯಾರಿಗೆ?" ಎಂದು ಶಿಷ್ಯ ಕೇಳಿದ.

ಗುರು ಅವನ ಮುಖ ನೋಡಿದರು. "ಇದು ನಿನ್ನ ಪ್ರಶ್ನೆಯೋ, ಬೇರೆಯವರದೋ?"

"ಬೇರೆಯವರದು."

"ಇಂಥ ಪ್ರಶ್ನೆ ಕೇಳಿದವನದು ಎಂದೂ ಆಗಿರುವುದಿಲ್ಲ ಬಿಡು. ಕೂತುಕೋ," ಎಂದು ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿಯಿದ್ದ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುವುದು ಅವನ ಕೆಲಸ. ತಿಂಗಳ ಏಳನೆಯ ತಾರೀಖು ಸಂಬಳ. ಅವನಿಗೊಬ್ಬ ಅಕ್ಕ ಇದ್ದಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವಳೇ ಅವನನ್ನು ಸಾಕಿದಳು. ತಮ್ಮನನ್ನು ಶಾಲೆಯ ಒಳಗೆ ಕಳಿಸಿ, ತಾನು ಅದೇ ಶಾಲೆಗೆ ನೀರು ಹೊತ್ತಳು. ಗಂಡ ಹೋದ ಮೇಲೆ ಅದೇ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಿದ್ದಳು. ಅಷ್ಟು ವರ್ಷ ಶಾಲೆಯಲ್ಲೇ ಕಳೆದರೂ ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಕೈಗೆ ಬಂದ ನೋಟು ಎಣಿಸಬಲ್ಲಳು. ಕಾಗದದ ಮೇಲಿನ ಅಂಕಿ ಮಾತ್ರ ಅವಳ ಪಾಲಿಗೆ ಬರೀ ಗೀಟು.

ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಫೋನ್ ನಂಬರು ಕೇಳಿದರು. ಅವಳಲ್ಲಿ ಫೋನಿರಲಿಲ್ಲ. ತಮ್ಮನ ನಂಬರು ಬರೆಸಿದಳು. ಅಲ್ಲಿಂದಾಚೆಗೆ ಪ್ರತಿ ತಿಂಗಳು ಹತ್ತನೆಯ ತಾರೀಖು ಅವಳು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ಲೆಕ್ಕ ಅಚ್ಚು ಹಾಕಿಸಿಕೊಂಡು, ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರ ತಮ್ಮನ ಮನೆಗೆ ಬರುತ್ತಿದ್ದಳು. ತಮ್ಮ ಓದಿ ಹೇಳಬೇಕು. ಓದಿದ್ದಕ್ಕೆ ಅವನಿಗೆ ಒಂದು ಪೊಟ್ಟಣ ಹುರಿಗಡಲೆ ಉಂಡೆ. ಅವನಿಗೆ ನಲವತ್ತಾದರೂ ಈ ಪದ್ಧತಿ ತಪ್ಪಿರಲಿಲ್ಲ. ಶಾಲೆಯ ಮೇಷ್ಟ್ರು ಒಂದೆರಡು ಸಲ, "ಬಾಮ್ಮ, ಹತ್ತು ಅಂಕಿ ತಾನೆ, ಕಲಿಸಿಕೊಡ್ತೀನಿ," ಎಂದಿದ್ದರು. ಅವಳು ನಕ್ಕುಬಿಟ್ಟಿದ್ದಳು. "ನನ್ನ ತಮ್ಮ ಇದಾನಲ್ಲ ಸ್ವಾಮಿ, ನನಗ್ಯಾಕೆ ಅಂಕಿ?"

ದರ್ಜಿಗೆ ಒಂದು ತಿಂಗಳು ಇಪ್ಪತ್ತರ ಹೊತ್ತಿಗೇ ಕೈ ಖಾಲಿಯಾಯಿತು. ಫೋನಿನಲ್ಲೇ ಸಾಲ ಕೊಡುವ ಒಂದು ಕಂಪನಿ ಸಿಕ್ಕಿತು. ಸಂಬಳದ ದಿನ ತೀರಿಸಿದರೆ ಸಾಕು. ಅವನು ಐದು ಸಾವಿರ ಕೇಳಿದ, ಕೈಗೆ ಬಂದದ್ದು ನಾಲ್ಕು ಸಾವಿರದ ಇನ್ನೂರು, ತೀರಿಸಿದ್ದು ಐದು. ಹಾಗಾಗಿ ಮುಂದಿನ ತಿಂಗಳು ಹದಿನೈದಕ್ಕೇ ಕೈ ಖಾಲಿ. ಮತ್ತೆ ತೆಗೆದ, ಮತ್ತೆ ತೀರಿಸಿದ. ನಾಲ್ಕನೆಯ ಸಲ ಎಂಟು ಸಾವಿರ ಬೇಕಾಯಿತು. ಕಂಪನಿಯವರು ಇನ್ನೊಂದು ಖಾತೆಯ ನಂಬರು ಕೇಳಿದರು, ಭದ್ರತೆಗೆ ಎಂದರು.

ಅವನು ಅಕ್ಕನ ಖಾತೆಯ ನಂಬರು ಕೊಟ್ಟ. ಒಪ್ಪಿಗೆಯ ಗುಟ್ಟಿನ ಅಂಕಿ ಅವನ ಫೋನಿಗೇ ಬಂತು, ಅವನೇ ಒತ್ತಿದ. ಬರೀ ಹೆಸರಿಗೆ ತಾನೆ, ಹಣ ಹೋಗುವುದು ನನ್ನ ಖಾತೆಯಿಂದಲೇ ಎಂದುಕೊಂಡ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಪುಟ ಷರತ್ತುಗಳಿದ್ದವು. ಅಕ್ಕನಿಗೆ ತಿಂಗಳು ತಿಂಗಳು ಓದಿ ಹೇಳುವವನು ಅದೊಂದನ್ನು ಓದಲಿಲ್ಲ.

ಆ ಖಾತೆಯಲ್ಲಿ ಹತ್ತೊಂಬತ್ತು ಸಾವಿರವಿತ್ತು. ಮೂರು ವರ್ಷ ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದು. ಅಕ್ಕನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಕ್ಕಿಯಲ್ಲಿ ಹುಳು ಕಾಣದೆ ಒಂದು ದಿನ ಹಾಗೆಯೇ ಬೇಯಿಸಿಬಿಟ್ಟಿದ್ದಳು. ಮುಖ್ಯೋಪಾಧ್ಯಾಯರು, "ರಜೆ ಮುಗಿಯೋದರೊಳಗೆ ಕಣ್ಣು ಸರಿಮಾಡಿಸಿಕೊ, ಇಲ್ಲದಿದ್ದರೆ ಬೇರೆಯವರನ್ನ ಹಾಕಿಕೊಳ್ಳಬೇಕಾಗುತ್ತೆ," ಎಂದಿದ್ದರು. ಪಟ್ಟಣದ ಆಸ್ಪತ್ರೆಯಲ್ಲಿ ಹದಿನಾರನೆಯ ತಾರೀಖು ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ಹದಿನೈದಕ್ಕೆ ಹಣ ತೆಗೆಯಬೇಕು.

ಆ ತಿಂಗಳು ಏಳಕ್ಕೆ ಸಂಬಳ ಬರಲಿಲ್ಲ. ವಿದೇಶದಿಂದ ಅಂಗಿಗಳು ವಾಪಸು ಬಂದಿವೆ, ಐದು ದಿನ ತಡೆಯಿರಿ ಎಂದರು. ಮಧ್ಯಾಹ್ನ ದರ್ಜಿಯ ಫೋನಿಗೆ ಬ್ಯಾಂಕಿನ ಸಂದೇಶ ಬಂತು. ಅಕ್ಕನ ಖಾತೆಯಿಂದ ನಾಲ್ಕು ಸಾವಿರ ಹೋಗಿತ್ತು. ಎಂಟಕ್ಕೆ ಇನ್ನೂ ನಾಲ್ಕು ಸಾವಿರ. ಸರಿ, ಸಾಲವಾದರೂ ತೀರಿತು ಎಂದುಕೊಂಡ. ಒಂಬತ್ತಕ್ಕೆ ಸಾವಿರದ ಐನೂರು, ತಡವಾದದ್ದಕ್ಕೆ ದಂಡವಂತೆ. ಅವನು ಫೋನು ಮಾಡಿದ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒಂದು ಧ್ವನಿ ಹೇಳಿತು. ಎಷ್ಟು ಒತ್ತಿದರೂ ಮನುಷ್ಯರು ಯಾರೂ ಸಿಗಲಿಲ್ಲ.

ಹತ್ತಕ್ಕೆ ಅಕ್ಕ ಬಂದಳು. ಸೆರಗಿನ ಗಂಟು ಬಿಚ್ಚಿ ಪಾಸ್‌ಬುಕ್ ಅವನ ಕೈಗಿಟ್ಟಳು.

"ಓದಪ್ಪ, ಎಷ್ಟೈತೆ ನೋಡು."

ಒಂಬತ್ತು ಸಾವಿರದ ಐನೂರು ಎಂದು ಕಪ್ಪು ಮಸಿಯಲ್ಲಿ ಅಚ್ಚಾಗಿತ್ತು. ದರ್ಜಿ ಅದನ್ನೇ ನೋಡಿದ. ಈಗ ಹೇಳಿಬಿಟ್ಟರೆ ಒಂದು ಮಾತಿನಲ್ಲಿ ಮುಗಿಯುತ್ತದೆ ಎಂಬುದು ಅವನಿಗೂ ಗೊತ್ತಿತ್ತು. ಅಕ್ಕ ಬೈದರೂ ಬೈದಾಳು, ಅತ್ತರೂ ಅತ್ತಾಳು. ಆದರೆ ಹನ್ನೆರಡಕ್ಕೆ ಸಂಬಳ ಬರುತ್ತದೆ, ಅಷ್ಟನ್ನೂ ತಂದು ಹಾಕಿ ಉಳಿದದ್ದನ್ನು ಯಾರ ಕೈಯಲ್ಲಾದರೂ ಹೊಂದಿಸಿದರಾಯಿತು. ಸುಮ್ಮನೆ ಅವಳ ನಿದ್ದೆ ಯಾಕೆ ಕೆಡಿಸಲಿ? ನೋಡು, ತನ್ನ ಮರ್ಯಾದೆ ಉಳಿಸಿಕೊಳ್ಳುವವನು ಹೀಗೆಯೇ ಇನ್ನೊಬ್ಬರ ನಿದ್ದೆಯ ಚಿಂತೆ ಮಾಡುತ್ತಾನೆ.

"ಹತ್ತೊಂಬತ್ತು ಸಾವಿರ ಅಕ್ಕ," ಎಂದ.

ಅಕ್ಕ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದಳು. "ಈ ಸಲ ಸಾಲು ಜಾಸ್ತಿ ಆದಂಗೈತಲ್ಲೋ?"

ದರ್ಜಿ ಪುಸ್ತಕ ಇಸಿದುಕೊಂಡು ಮುಚ್ಚಿದ. "ಬಡ್ಡಿ ಹಾಕವ್ರೆ."

"ಬಡ್ಡಿನೂ ಬಂತಾ! ನಿನ್ನ ಬಾಯಿಗೆ ಸಕ್ಕರೆ ಹಾಕ," ಎಂದು ಅಕ್ಕ ನಕ್ಕು ಉಂಡೆಯ ಪೊಟ್ಟಣ ಬಿಚ್ಚಿದಳು. ಅವಳ ಎದುರಿಗೇ ಒಂದನ್ನು ತಿನ್ನಬೇಕಾಯಿತು. ಅದನ್ನು ನುಂಗಲು ಅವನು ಎರಡು ಲೋಟ ನೀರು ಕುಡಿದ.

ಹನ್ನೆರಡಕ್ಕೆ ಸಂಬಳ ಅರ್ಧ ಮಾತ್ರ ಬಂತು. ಅವನು ಬ್ಯಾಂಕಿಗೆ ಓಡುವಷ್ಟರಲ್ಲಿ ಅದನ್ನೂ ಕಂಪನಿ ಎಳೆದುಕೊಂಡಿತ್ತು. ಹದಿಮೂರಕ್ಕೆ ಅಕ್ಕನ ಖಾತೆಯಿಂದ ಇನ್ನೂ ಮೂರು ಸಾವಿರದ ಇನ್ನೂರು. ಇದು ಯಾವ ಲೆಕ್ಕವೆಂದು ಯಾರೂ ಹೇಳಲಿಲ್ಲ. ಅವನು ಜೊತೆಯವರನ್ನು ಕೇಳಿದ, ಮೇಸ್ತ್ರಿಯ ಕಾಲು ಹಿಡಿದ. ಅರ್ಧ ಸಂಬಳದ ತಿಂಗಳಲ್ಲಿ ಯಾರಲ್ಲಿ ಏನಿರುತ್ತದೆ? ಆಗಲೂ ಅಕ್ಕನ ಮನೆ ಇದ್ದದ್ದು ಎರಡೇ ಬೀದಿ ಆಚೆಗೆ, ಅವನು ಹೋಗಿ ಹೇಳಲಿಲ್ಲ.

ಹದಿನೈದಕ್ಕೆ ಅಕ್ಕ ಒಗೆದ ಸೀರೆಯುಟ್ಟು ಬಂದು, "ನಡಿಯಪ್ಪ, ಬ್ಯಾಂಕಿಗೆ ಹೋಗಾನ," ಎಂದಳು. ದರ್ಜಿ ಅವಳ ಹಿಂದೆ ನಡೆದ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡ. ಬ್ಯಾಂಕು ಬಂತು.

ಗುಮಾಸ್ತ ಯಂತ್ರ ನೋಡಿ, "ಅಮ್ಮಾ, ಇದರಲ್ಲಿರೋದು ಆರು ಸಾವಿರದ ಮುನ್ನೂರು," ಎಂದ.

"ಹತ್ತೊಂಬತ್ತು ಐತೆ ಸ್ವಾಮಿ. ಸರಿಯಾಗಿ ನೋಡಿ. ನಮ್ಮ ತಮ್ಮನೇ ಓದವ್ನೆ."

ಗುಮಾಸ್ತ ಮತ್ತೊಮ್ಮೆ ನೋಡಿದ. ಆಮೇಲೆ ದರ್ಜಿಯನ್ನೂ ನೋಡಿದ. "ಯಾವುದೋ ಸಾಲದ ಕಂಪನಿ ನಾಲ್ಕು ಸಲ ಎಳೆದಿದೆ. ಇದಕ್ಕೆ ನೀವು ಒಪ್ಪಿಗೆ ಕೊಟ್ಟಿದ್ರಾ? ಕೊಟ್ಟಿಲ್ಲ ಅಂದರೆ ಈಗಲೇ ದೂರು ಬರೆದುಕೊಡಿ. ಹಣ ತಿರುಗಿ ಬರೋ ದಾರಿ ಇದೆ. ಯಾರು ಮಾಡಿದ್ದು ಅಂತ ಪೊಲೀಸಿನವರು ನೋಡ್ಕೊಳ್ತಾರೆ."

ಅಕ್ಕ ತಿರುಗಿದಳು. ಮಂಜು ಕವಿದ ಆ ಕಣ್ಣಿಗೆ ತಮ್ಮನ ಮುಖ ಎಷ್ಟು ಕಂಡಿತೋ. "ಏನಪ್ಪಾ?" ಎಂದಳು.

ದರ್ಜಿ ಬಾಯಿ ತೆರೆದ. ಮಾತು ಬರಲಿಲ್ಲ. ಹಿಂದೆ ನಿಂತವರು ಬೇಗ ಬೇಗ ಎಂದರು. ಅಕ್ಕನಿಗೆ ಓದು ಬರದಿದ್ದರೂ ತಾನು ಸಾಕಿದ ಹುಡುಗನ ಮೌನ ತಿಳಿಯುತ್ತಿತ್ತು.

"ನಾನೇ ಕೊಡು ಅಂದಿದ್ದೆ ಸ್ವಾಮಿ," ಎಂದಳು ಗುಮಾಸ್ತನಿಗೆ. "ವಯಸ್ಸಾಯ್ತಲ್ಲ, ಮರ್ತುಬಿಟ್ಟೆ. ಇನ್ನು ಮುಂದಕ್ಕೆ ಎಳೀದಂಗೆ ನಿಲ್ಸಿಬಿಡಿ."

ನಿಲ್ಲಿಸುವ ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ತಿರುಗಿ ಬರಬಹುದಾಗಿದ್ದ ಹಣ ಆ ಒಂದು ಮಾತಿನಿಂದ ಹೋಯಿತು.

ಗುರು ಒಂದು ಗುಟುಕು ನೀರು ಕುಡಿದರು. "ದರ್ಜಿ ಮನೆಯಲ್ಲಿದ್ದ ಹೊಲಿಗೆ ಯಂತ್ರ ಮಾರಿದ. ಹೆಂಡತಿಯ ಓಲೆ ಅಡವಿಟ್ಟ. ವಾರದೊಳಗೆ ಅಷ್ಟೂ ಹಣವನ್ನು ಅಕ್ಕನ ಖಾತೆಗೆ ತುಂಬಿ, ಅವಳ ಕಾಲ ಮೇಲೆ ಬಿದ್ದು ಅತ್ತ. ಅಕ್ಕ ಎಬ್ಬಿಸಿ ಊಟ ಬಡಿಸಿದಳು. ಶಸ್ತ್ರಚಿಕಿತ್ಸೆಯೂ ಆಯಿತು. ಶಾಲೆಯ ಬಾಗಿಲು ತೆರೆಯುವ ಹೊತ್ತಿಗೆ ಕಣ್ಣು ಚೆನ್ನಾಗಿ ಕಾಣುತ್ತಿತ್ತು."

ಶಿಷ್ಯನ ಮುಖ ಅರಳಿತು. "ಹಾಗಾದರೆ ಹಣ ಬಂತು, ಕಣ್ಣು ಬಂತು, ಕೆಲಸವೂ ಉಳಿಯಿತು. ಅಕ್ಕ ಕ್ಷಮಿಸಿಯೂಬಿಟ್ಟಳು. ನಷ್ಟವಾದದ್ದೇನು ಗುರುಗಳೇ?"

"ಶಾಲೆ ತೆರೆದ ಮೊದಲ ದಿನ, ಮಕ್ಕಳಿಗೆ ಬಡಿಸಿ ಕೈತೊಳೆದುಕೊಂಡು, ಅವಳು ಮೇಷ್ಟ್ರ ಹತ್ತಿರ ಹೋಗಿ, ನನಗೆ ಅಂಕಿ ಓದೋದು ಕಲಿಸಿಕೊಡಿ ಸ್ವಾಮಿ ಎಂದಳು."