ಅಕ್ಕಿಕಾಳಿನ ಆಸರೆಯ ಒನಕೆ

ಗ್ರಹಣದಲ್ಲಿ ಒನಕೆ ತಾನಾಗಿ ನಿಲ್ಲುತ್ತದೆ ಎಂದು ನಂಬಿದ ನಮ್ಮೂರವರು ಅದನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ಒಳಗೆ ಹೋದರು. ಅದು ಬೀಳಲಿಲ್ಲ. ಒನಕೆಗೆ ಕೊಬ್ಬೇರಿತು. ಅಂಗಳದಲ್ಲಿ ಮರಿಗಳೊಂದಿಗೆ ಮೇಯುತ್ತಿದ್ದ ಹೇಂಟೆಕೋಳಿಯನ್ನು ಕರೆಯಿತು.

"ಏ ಹೇಂಟೆ, ಮರಿಗಳನ್ನು ತಂದು ನನ್ನ ಬುಡದಲ್ಲಿ ಮಲಗಿಸು. ಹದ್ದು ಇತ್ತ ಸುಳಿಯದು. ನಿಲ್ಲುವುದು ನನ್ನ ಹುಟ್ಟುಗುಣ."

ಹೇಂಟೆ ಬಗ್ಗಿ ನೋಡಿತು. ಒನಕೆಯ ಅಡಿಗೆ ಒಂದು ಅಕ್ಕಿಕಾಳು ಒತ್ತುಕೊಟ್ಟಿತ್ತು. ಅದನ್ನು ಕಂಡು ಹೇಂಟೆಯ ಮೈ ಉರಿಯಿತು.

"ಹುಟ್ಟುಗುಣವೋ ಒನಕೆರಾಯ? ಹಾಗಾದರೆ ಅಳೆದೇ ಬಿಡೋಣ."

ಮರಿಗಳನ್ನು ದೂರ ಅಟ್ಟಿ, ಮೊದಲು ಪಕ್ಕದ ಒರಳನ್ನು ರೆಕ್ಕೆಯಿಂದ ಬಡಿಯಿತು. ಒರಳು ಮಿಸುಕಲಿಲ್ಲ. ಆಮೇಲೆ ಕೊಕ್ಕಿನಿಂದ ಆ ಕಾಳನ್ನು ಕೂದಲೆಳೆಯಷ್ಟು ಸರಿಸಿತು. ಮರಿಗಳನ್ನು ಮಲಗಿಸೆಂದು ಹೇಳಿದ್ದ ಜಾಗಕ್ಕೇ ಒನಕೆ ದಢಾರನೆ ಬಿತ್ತು.

"ತಪ್ಪು ಕಾಳಿನದು," ಎಂದಿತು ಒನಕೆ, ಬಾಯ್ತುಂಬ ಮಣ್ಣಿಟ್ಟುಕೊಂಡು. "ಅದು ಅಲ್ಲೇ ಇದ್ದಿದ್ದರೆ ನಾನು ಯುಗಗಟ್ಟಲೆ ನಿಲ್ಲುತ್ತಿದ್ದೆ."

"ಥೂ, ನಾಚಿಕೆಗೆಟ್ಟದ್ದೇ. ನನ್ನ ಮಕ್ಕಳ ತಲೆ ಒಡೆದಿದ್ದರೂ ಇದನ್ನೇ ಹೇಳುತ್ತಿದ್ದೆಯಲ್ಲ. ಕಾಳು ಸರಿದದ್ದು ಕೂದಲೆಳೆಯಷ್ಟು, ನೀನು ಬಿದ್ದದ್ದು ಆಳುದ್ದ. ಅದು ನಿಲ್ಲುವವರ ಲಕ್ಷಣವಲ್ಲ. ಈಗ ಅಂಗಾತ ಬಿದ್ದಿದ್ದೀಯಲ್ಲ, ಇದು ನಿನ್ನ ಹುಟ್ಟುಗುಣ."