ಏಳನೇ ಸಾಲು

ಹಾಲೇಶ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ. ಅವನ ಕಾಲೇಜಿನಲ್ಲಿ ಲ್ಯಾಬ್ ಪ್ರೋಗ್ರಾಮನ್ನು ಯಾರೂ ಹೊಸದಾಗಿ ಬರೆಯುತ್ತಿರಲಿಲ್ಲ. ಅಜ್ಜಿಯ ಬುಗುಡಿ ಮೊಮ್ಮಗಳಿಗೆ ಬಂದ ಹಾಗೆ ಅದು ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಬರುತ್ತಿತ್ತು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಪ್ರೊಫೆಸರ್ ಘನಲಿಂಗಪ್ಪ ಬಂದರು. ಬಂದವರೇ ಗುಡುಗಿದರು: "ಅರ್ಥವಾಗದ ಒಂದೇ ಒಂದು ಸಾಲು ಬರೆದಿದ್ದರೂ ಫೇಲು!"

ಹಾಲೇಶನ ಪರದೆಯ ಮೇಲೆ ಬೆರಳಿಟ್ಟರು. "ಈ ಏಳನೇ ಸಾಲಿನಲ್ಲಿ ಒಂದು ವೇರಿಯಬಲ್ ಇದೆ. ಮುಂದೆ ಎಲ್ಲೂ ಬಳಸಿಲ್ಲ. ಯಾಕಯ್ಯ ಇದೆ ಇದು?"

ಹಾಲೇಶನಿಗೆ ತಲೆಬುಡ ಗೊತ್ತಿಲ್ಲ. ಅವನ ಸೀನಿಯರ್‌ಗೂ ಗೊತ್ತಿರಲಿಲ್ಲ. ಬೆವರು ಒರೆಸಿಕೊಂಡು ಹೇಳಿದ, "ಸರ್, ನಾನು ಹೇಳಿದ್ರೆ ಬಾಯಿಪಾಠ ಅಂತೀರಿ. ನೀವೇ ಅಳಿಸಿ ನೋಡಿಬಿಡಿ."

ಅಳಿಸಿದರು. ಪ್ರೋಗ್ರಾಂ ಮಕಾಡೆ ಮಲಗಿತು. ವಾಪಸ್ ಹಾಕಿದರು. ಎದ್ದು ಓಡಿತು. ಮತ್ತೆ ಅಳಿಸಿದರು, ಮತ್ತೆ ಮಲಗಿತು. ಕನ್ನಡಕ ಒರೆಸಿಕೊಂಡರು. ಹಾಲೇಶನನ್ನು ಎಬ್ಬಿಸಿ ಅವನ ಕುರ್ಚಿಯಲ್ಲೇ ಕೂತುಬಿಟ್ಟರು. ಮುಂದಿನ ಬ್ಯಾಚಿನವರು ಬಾಗಿಲಲ್ಲಿ ಕಾಯುತ್ತಲೇ ಇದ್ದರು.

"ನೋಡಿದ್ರಲ್ಲ ಸರ್," ಎಂದ ಹಾಲೇಶ ಮೆಲ್ಲಗೆ, "ಯಾಕಿದೆ ಅಂತ ಈಗ ನಿಮಗೇ ಗೊತ್ತಾಯ್ತು."

ಇಲ್ಲ ಎಂದರೆ ಮಾನ ಹೋಗುತ್ತದೆ. "ಹೂಂ... ಗೊತ್ತಾಯ್ತು," ಎಂದು ಪ್ರೊಫೆಸರು ಪೂರ್ತಿ ಮಾರ್ಕ್ಸ್ ಹಾಕಿದರು.

ಸಂಜೆ ಹೊರಡುವಾಗ ಹಾಲೇಶನನ್ನು ಪಕ್ಕಕ್ಕೆ ಕರೆದರು. "ನೋಡಪ್ಪ, ಆ ಪ್ರೋಗ್ರಾಮನ್ನು ಈ ಪೆನ್‌ಡ್ರೈವಿಗೆ ಹಾಕಿಕೊಡು. ನಮ್ಮ ಕಾಲೇಜಿನ ಹುಡುಗರಿಗೆ ಬೇಕು. ಏಳನೇ ಸಾಲು ಮಾತ್ರ ಬಿಟ್ಟುಹೋಗದ ಹಾಗೆ ನೋಡ್ಕೋ!"